ಮೂರು ಲಕ್ಷದ ಮಡಿ

ಬೀಳಗಿ ಸಂತೆಯಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಕೂತವರು ಗಿರಾಕಿಯ ಅಂಗೈಗೆ ರುಚಿಗೆಂದು ಒಂದಿಷ್ಟು ಹಾಕುವುದುಂಟು. ಎಮ್ಮೆ ಹಾಲಿನ ಗಟ್ಟಿ ಮೊಸರು, ಅಂಗೈ ಓರೆ ಮಾಡಿದರೂ ಜಾರದು. ಅದರಲ್ಲಿ ಒಂದೇ ಒಂದು ಗ್ರಾಂ ತೂಗಿಕೊಳ್ಳಿ. ಮೊಸರು ಅನ್ನಿಸಿಕೊಳ್ಳಲು ಆ ಒಂದು ಗ್ರಾಮಿನಲ್ಲಿ ಕನಿಷ್ಠ 1 ಕೋಟಿ ಬ್ಯಾಕ್ಟೀರಿಯಾ ಜೀವಂತ ಇರಬೇಕು ಎನ್ನುತ್ತದೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆ. ಒಂದು ಬಟ್ಟಲು ಉಂಡರೆ ನೂರು ಕೋಟಿ ದಾಟುತ್ತದೆ. ಉಂಡು, ಕೈ ತೊಳೆದು, ನಾವು ಹೊಲದ ಕಡೆ ಹೋಗುತ್ತೇವೆ.

ಈಗ ಇನ್ನೊಂದು ಅಂಕಿ. ಮಂಗಳ ಗ್ರಹದ ಮೇಲೆ ಇಳಿಯುವ ನೌಕೆಯ ಹೊರಮೈ, ಒಳಮೈ, ಗಾಲಿ, ಪ್ಯಾರಾಚೂಟು ಎಲ್ಲ ಸೇರಿ ಮಂಗಳದ ಗಾಳಿಗೆ ಸೋಕಬಹುದಾದ ಮೇಲ್ಮೈಗಳಲ್ಲಿ 3 ಲಕ್ಷಕ್ಕಿಂತ ಹೆಚ್ಚು ಬೀಜಾಣುಗಳು ಇರಬಾರದು. ಅದೂ ಒಂದು ಚದರ ಮೀಟರಿಗೆ ಸರಾಸರಿ 300 ದಾಟಬಾರದು. 2021ರ ಫೆಬ್ರವರಿ 18ರಂದು ಮಂಗಳಕ್ಕೆ ಇಳಿದ ಪರ್ಸಿವರೆನ್ಸ್ ರೋವರಿನ ತೂಕ ಒಂದು ಟನ್ನಿಗೂ ತುಸು ಜಾಸ್ತಿ. ಆ ಗಾಡಿಯೊಂದಕ್ಕೇ ಇದ್ದ ಮಿತಿ 41 ಸಾವಿರ.

ಮೂರು ಲಕ್ಷ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಲೆಕ್ಕಕ್ಕೆ ಕೂತರೆ ಮಾತ್ರ ಅದು ಎಷ್ಟು ಸಣ್ಣದೆಂದು ಗೊತ್ತಾಗುವುದು. ಒಂದು ಬೀಜಾಣುವಿನ ಅಗಲ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮೂರು ಲಕ್ಷವನ್ನೂ ಸಾಲಾಗಿ ನಿಲ್ಲಿಸಿದರೆ 30 ಸೆಂಟಿಮೀಟರು, ಶಾಲೆಯ ಹುಡುಗರ ಪಟ್ಟಿಯಷ್ಟು ಉದ್ದ. ತೂಕಕ್ಕೆ ಬಂದರೆ, ಒಂದು ಬಿಳಿಜೋಳದ ಕಾಳು 30 ಮಿಲಿಗ್ರಾಂ ಎಂದಿಟ್ಟುಕೊಂಡು ಅದನ್ನು ಒಂದು ಲಕ್ಷ ಚೂರು ಮಾಡಿ. ಅದರಲ್ಲಿ ಒಂದು ಚೂರಿನ ತೂಕವೇ ಈ ಮೂರು ಲಕ್ಷ ಬೀಜಾಣುಗಳ ಒಟ್ಟು ತೂಕ. ಟನ್‌ಗಟ್ಟಲೆ ಲೋಹ, ತಂತಿ, ಗಾಜನ್ನು ಮನುಷ್ಯರು ವರ್ಷಗಟ್ಟಲೆ ಕೈಯಾರೆ ಜೋಡಿಸಬೇಕು. ಜೋಡಿಸಿ ಮುಗಿಸುವಾಗ ಅದರ ಮೇಲೆ ಅಂಟಿದ ಬೀಜಾಣುಗಳ ತೂಕ ಜೋಳದ ಕಾಳಿನ ಲಕ್ಷದ ಒಂದು ಪಾಲು ಮೀರಬಾರದು.

ಬೀಳಗಿಯವರಿಗೆ ಹಿನ್ನೀರಿನ ಅಳತೆ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಜಲಾಶಯ 519.6 ಮೀಟರಿಗೆ ತುಂಬಿ ನಿಂತಾಗ 123 ಟಿಎಂಸಿ, ಅಂದರೆ ಸುಮಾರು 3 ಲಕ್ಷ 48 ಸಾವಿರ ಕೋಟಿ ಲೀಟರು. ಮಂಗಳನೌಕೆಯ ಮೂರು ಲಕ್ಷವನ್ನು ಆ ನೀರಿಗೆ ಸುರಿದು ಕಲಕಿದರೆ 1 ಕೋಟಿ 16 ಲಕ್ಷ ಲೀಟರಿಗೆ ಒಂದು ಬೀಜಾಣು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿ ಸೋಸುತ್ತ ಹೋದರೆ 1160 ಟ್ಯಾಂಕರಿಗೊಂದು ಸಿಕ್ಕೀತು.

ಅದೇ ನೀರಿಗೆ ಒಬ್ಬ ಮನುಷ್ಯನ ಮೈಯೊಳಗಿನ ಬ್ಯಾಕ್ಟೀರಿಯಾಗಳನ್ನು ಸುರಿಯೋಣ. 2016ರಲ್ಲಿ ಪ್ರಕಟವಾದ ಅಂದಾಜಿನಂತೆ 70 ಕೆ.ಜಿ. ತೂಕದ ಗಂಡಸಿನ ದೇಹದಲ್ಲಿ 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ, ಅವನದೇ ಜೀವಕೋಶಗಳು 30 ಲಕ್ಷ ಕೋಟಿ. ಅಂದರೆ ತುಂಬಿದ ಆಲಮಟ್ಟಿಯ ಪ್ರತಿ ಲೀಟರಿಗೂ 11ರಂತೆ ಹಂಚಬಹುದು. ಒಬ್ಬನಿಂದ ಇಷ್ಟು. ಸಾಲಾಗಿ ನಿಲ್ಲಿಸಿದರೆ 38 ಸಾವಿರ ಕಿಲೋಮೀಟರು, ಭೂಮಿಯ ಸುತ್ತಳತೆಗೆ ಎರಡು ಸಾವಿರ ಕಡಿಮೆ. ನೌಕೆಗೆ ಕೊಟ್ಟಿರುವುದು ಒಂದು ಪಟ್ಟಿಯ ಉದ್ದ, ಅದನ್ನು ಕಟ್ಟುವವನು ಹೊತ್ತು ತಿರುಗುವುದು ಭೂಮಿಯ ಸುತ್ತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಲೆಕ್ಕದಲ್ಲಿ ಮೋಸವಾಗುತ್ತದೆ. ಮೊಸರಿನ ಬ್ಯಾಕ್ಟೀರಿಯಾವೂ ನೌಕೆಯ ಬೀಜಾಣುವೂ ಒಂದೇ ಅಲ್ಲ. ಹೆಪ್ಪಿನ ಜೀವಿಗಳು ಸುಖವಾಸಿಗಳು. ಬೆಚ್ಚಗಿನ ಹಾಲು ಬೇಕು, ಕುದಿಸಿದರೆ ಸತ್ತುಹೋಗುತ್ತವೆ. ಸ್ಪೋರ್ ಎನ್ನುವ ಬೀಜಾಣುವಿನ ಜಾತಿ ಬೇರೆ. ಎರೆಮಣ್ಣಿನಲ್ಲಿ ಹೇರಳವಾಗಿರುವ ಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯಾಗಳು ನೀರು ಆರಿ, ಅನ್ನ ತೀರಿದಾಗ ತಮ್ಮ ಸಾರವನ್ನೆಲ್ಲ ಒಂದು ಗಟ್ಟಿ ಚಿಪ್ಪಿನೊಳಗೆ ಕಟ್ಟಿಟ್ಟು ಮಲಗಿಬಿಡುತ್ತವೆ. ಉಸಿರಿಲ್ಲ, ಊಟವಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ಹೊಲದ ಬಿರುಕಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ, ಹದ ಮಳೆ ಬಿದ್ದ ದಿನ ಏಳುತ್ತವೆ. 1984ರಲ್ಲಿ ಬಾಹ್ಯಾಕಾಶದಲ್ಲಿ ಬಿಟ್ಟು 1990ರಲ್ಲಿ ವಾಪಸು ತಂದ ಎಲ್‌ಡಿಇಎಫ್ ಎಂಬ ಅಮೆರಿಕದ ಉಪಗ್ರಹದಲ್ಲಿ ಇಂಥ ಬೀಜಾಣುಗಳನ್ನು ಇಟ್ಟಿದ್ದರು. ಸೂರ್ಯನ ನೇರಳಾತೀತ ಕಿರಣ ನೇರವಾಗಿ ತಾಗದಂತೆ ಮರೆಯಲ್ಲಿದ್ದವುಗಳಲ್ಲಿ ಬಹಳಷ್ಟು, ಆರು ವರ್ಷದ ನಿರ್ವಾತವನ್ನು ಕಳೆದು ಬಂದು, ಪ್ರಯೋಗಾಲಯದ ಸಾರು ಸಿಕ್ಕಿದ್ದೇ ತಡ ಮೊಳೆತವು.

ಇಂಥವನ್ನು ಎಣಿಸುವ ಬಗೆ ನಮ್ಮ ಅಡುಗೆಮನೆಗೆ ಹತ್ತಿರದ್ದು. ನೌಕೆಯ ಮೈಯನ್ನು ಹತ್ತಿಯಿಂದಲೋ ಬಟ್ಟೆಯಿಂದಲೋ ಒರೆಸುತ್ತಾರೆ. ಒರೆಸಿದ್ದನ್ನು ಶುದ್ಧ ನೀರಿನಲ್ಲಿ ಅಲುಗಿಸಿ, ಆ ನೀರನ್ನು 80 ಡಿಗ್ರಿಯಲ್ಲಿ 15 ನಿಮಿಷ ಕಾಯಿಸುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಾ ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ತಟ್ಟೆಯಲ್ಲಿ ಹೊಯ್ದು ಮೂರು ದಿನ 32 ಡಿಗ್ರಿಯಲ್ಲಿ ಇಟ್ಟರೆ ಒಂದೊಂದು ಬೀಜಾಣುವೂ ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ. ಚುಕ್ಕೆ ಎಣಿಸುವುದು, ಗುಣಿಸುವುದು. ಕಾಯಿಸಿದ ಹಾಲು ಎರಡನೇ ದಿನಕ್ಕೆ ಕೆಡುವುದನ್ನು ಬಲ್ಲ ಯಾವ ಅವ್ವನಿಗೂ ಈ ವಿದ್ಯೆ ಹೊಸದಲ್ಲ. ಕುದಿಗೆ ಬಗ್ಗದ್ದು ಏನೋ ಅದರಲ್ಲಿ ಇರುತ್ತದೆ ಎಂದು ಅವಳಿಗೆ ಗೊತ್ತು. ಆದರೆ ಈ ಎಣಿಕೆಗೊಂದು ದೊಡ್ಡ ತೂತಿದೆ. ಪರಿಸರದಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ತಟ್ಟೆಯ ಮೇಲೆ ಬೆಳೆಯಲು ಒಪ್ಪುವುವು ನೂರಕ್ಕೆ ಒಂದರ ಆಸುಪಾಸು. ಉಳಿದವು ತಟ್ಟೆಯಲ್ಲಿ ಚುಕ್ಕೆಯಾಗುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಮೂರು ಲಕ್ಷ ಎನ್ನುವುದು ನೌಕೆಯಲ್ಲಿರುವ ಜೀವದ ಲೆಕ್ಕವಲ್ಲ, ಅದರೊಳಗಿನ ಹಠಮಾರಿಗಳ ಲೆಕ್ಕ.

ಇದಕ್ಕೆಲ್ಲ ಗ್ರಹ ಸಂರಕ್ಷಣೆ ಎಂಬ ಗಂಭೀರ ಹೆಸರಿದೆ. ನನಗೆ ಮಾತ್ರ ಇದು ಮಡಿ. ಆ ಪದ ಬಳಸಲು ಸಂಕೋಚವೂ ಇದೆ. ನಮ್ಮ ಕಡೆ ‘ಮುಸುರಿ ಕೈ ಹಚ್ಚಬ್ಯಾಡೋ ತಮ್ಮಾ, ಹೆಪ್ಪು ಕೆಡತೈತಿ’ ಎನ್ನುವವರೆಗೆ ಮಡಿ ಒಳ್ಳೆಯದೇ ಇತ್ತು. ಯಾರು ಒಳಗೆ, ಯಾರು ಹೊರಗೆ ಎಂದು ಮನುಷ್ಯರನ್ನು ವಿಂಗಡಿಸಲು ಹೊರಟಾಗ ಅದು ಹೊಲಸಾಯಿತು. ನೌಕೆ ಕಟ್ಟುವ ಕ್ಲೀನ್ ರೂಮಿನ ಮಡಿಯಲ್ಲಿ ಆ ಪಂಕ್ತಿಭೇದ ಇಲ್ಲ. ಅಲ್ಲಿ ನೊಬೆಲ್ ಪಡೆದವರೂ ನೆಲ ಒರೆಸುವವರೂ ಸರಿಸಮನಾಗಿ ಮೈಲಿಗೆ. ಅಲ್ಲಾಡದೆ ಕೂತ ಮನುಷ್ಯನೂ ನಿಮಿಷಕ್ಕೆ ಲಕ್ಷದ ಲೆಕ್ಕದಲ್ಲಿ ಕಣಗಳನ್ನು ಉದುರಿಸುತ್ತಾನೆ. ಅದಕ್ಕೇ ತಲೆಯಿಂದ ಕಾಲಿನವರೆಗೆ ಬಿಳಿ ಗವಸು.

ಈ ಮಡಿಯ ಆರಂಭದ ಮಾತುಗಳಲ್ಲೊಂದು ನಮ್ಮ ದೇಶದಲ್ಲೇ ಆಯಿತು ಎನ್ನುವುದು ಹೆಚ್ಚಿನವರಿಗೆ ತಿಳಿಯದು. 1957ರ ನವೆಂಬರ್. ಸ್ಪುಟ್ನಿಕ್ ಹಾರಿ ತಿಂಗಳಾಗಿತ್ತು, ರಷ್ಯಾದ ಕ್ರಾಂತಿಗೆ 40 ತುಂಬುವ ವಾರ. ಜೋಶುವಾ ಲೆಡರ್‌ಬರ್ಗ್ ಎಂಬ ಅಮೆರಿಕದ ತರುಣ ತಳಿವಿಜ್ಞಾನಿ ಆಸ್ಟ್ರೇಲಿಯಾದಿಂದ ಮರಳುವ ದಾರಿಯಲ್ಲಿ, ಆ ವರ್ಷವಷ್ಟೇ ಇಂಗ್ಲೆಂಡ್ ಬಿಟ್ಟು ಬಂದು ಕಲ್ಕತ್ತೆಯಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರನ್ನು ನೋಡಲು ಇಳಿದರು. ಅಂದು ಚಂದ್ರಗ್ರಹಣ. ಊಟಕ್ಕೆ ಕೂತಾಗ, ಹಬ್ಬದ ಗುರುತಿಗೆಂದು ರಷ್ಯನ್ನರು ಚಂದ್ರನ ಮೇಲೆ ಬಾಂಬು ಸಿಡಿಸಿಯಾರೇ ಎಂಬ ಮಾತು ಬಂತು. ಭೂಮಿಯಿಂದ ಕಾಣುವ ಒಂದು ಮಿಂಚಿಗಾಗಿ, ಜೀವದ ಹುಟ್ಟಿನ ಸುಳಿವು ಇರಬಹುದಾದ ಒಂದು ಲೋಕವನ್ನೇ ಕೆಡಿಸುವರಲ್ಲ ಎಂಬ ಚಿಂತೆ ಲೆಡರ್‌ಬರ್ಗರನ್ನು ಹಿಡಿದುಕೊಂಡಿತು. ಊರಿಗೆ ಹೋಗಿ ವಿಜ್ಞಾನ ಅಕಾಡೆಮಿಗೆ ಪತ್ರ ಬರೆದರು. ಮರುವರ್ಷ ಅವರಿಗೆ ನೊಬೆಲ್ ಬಂತು, ಪತ್ರಕ್ಕೆ ತೂಕವೂ ಬಂತು. ಅದೇ 1958ರಲ್ಲಿ ಹುಟ್ಟಿದ ಕೋಸ್ಪಾರ್ ಎಂಬ ಅಂತರರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿ ಇಂದಿಗೂ ಈ ನಿಯಮಗಳ ಮನೆ.

ಕೋಸ್ಪಾರ್ 1964ರಲ್ಲಿ ಬರೆದ ನಿಯಮದಲ್ಲಿ ನನ್ನನ್ನು ಬೆರಗುಗೊಳಿಸುವುದು ಒಂದೇ ಸಂಗತಿ: ಅದರಲ್ಲಿ ಸೊನ್ನೆ ಇಲ್ಲ. ಇಳಿಯುವ ನೌಕೆಯಲ್ಲಿ ಒಂದೇ ಒಂದು ಜೀವಿ ಬದುಕಿ ಉಳಿಯುವ ಸಂಭವ 10 ಸಾವಿರಕ್ಕೆ 1ಕ್ಕಿಂತ ಕಡಿಮೆ ಇರಬೇಕು. ಇಳಿಯದೆ ಪಕ್ಕದಲ್ಲಿ ಹಾದುಹೋಗುವ ನೌಕೆ ಕೈತಪ್ಪಿ ಗ್ರಹಕ್ಕೆ ಬಡಿಯುವ ಸಂಭವ ಲಕ್ಷಕ್ಕೆ 3. ‘ಇರಲೇಬಾರದು’ ಎಂದು ಎಲ್ಲೂ ಬರೆಯಲಿಲ್ಲ, ಬರೆದರೆ ಯಾರಿಂದಲೂ ಆಗದೆಂದು ಬರೆದವರಿಗೆ ಗೊತ್ತಿತ್ತು. 10 ಸಾವಿರಕ್ಕೆ 1 ಎಂದರೆ ನಾಣ್ಯ ಚಿಮ್ಮಿ ಹದಿಮೂರು ಸಲವೂ ಬಿಡದೆ ತಲೆಯೇ ಬೀಳುವುದಕ್ಕಿಂತ ತುಸು ಅಪರೂಪ.

ಆ ಸಂಖ್ಯೆಗೆ ತೆತ್ತ ಬೆಲೆ ಸಣ್ಣದಲ್ಲ. ಚಂದ್ರನಿಗೆ ಅಪ್ಪಳಿಸುವ ಮೊದಲು ಚಿತ್ರ ಕಳಿಸಬೇಕಿದ್ದ ಅಮೆರಿಕದ ರೇಂಜರ್ ನೌಕೆಗಳ ಭಾಗಗಳನ್ನು 125 ಡಿಗ್ರಿಯಲ್ಲಿ 24 ತಾಸು ಬೇಯಿಸಿದರು. 1962ರ ಮೂರು ನೌಕೆಗಳು ಒಂದಾದ ಮೇಲೊಂದು ಕೈಕೊಟ್ಟವು, ಎಲೆಕ್ಟ್ರಾನಿಕ್ ಅಂಗಾಂಗಗಳನ್ನು ಕೊಂದಿದ್ದು ಆ ಕಾವೇ ಎಂಬ ಗುಮಾನಿ ಎದ್ದಿತು. ಸೂಕ್ಷ್ಮಜೀವಿ ಸಾಯುವಷ್ಟು ಕಾಸಿದರೆ ಯಂತ್ರವೂ ಸಾಯುತ್ತದೆ. ಹದಿಮೂರು ವರ್ಷದ ಮೇಲೆ ವೈಕಿಂಗ್ ನೌಕೆಗಳ ಕಾಲಕ್ಕೆ ಯಂತ್ರಗಳನ್ನೇ ಕಾವಿಗೆ ತಾಳುವಂತೆ ಕಟ್ಟಿದರು. ಮೊದಲು ಒರೆಸಿ ಒರೆಸಿ ಮೂರು ಲಕ್ಷಕ್ಕೆ ಇಳಿಸಿದರು. ಆಮೇಲೆ ಇಡೀ ಲ್ಯಾಂಡರನ್ನು ಒಲೆಯೊಳಗಿಟ್ಟು 110 ಡಿಗ್ರಿ ಮೀರಿದ ಒಣ ಬಿಸಿಯಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ಸುಟ್ಟರು. ಹತ್ತು ಸಾವಿರಕ್ಕೆ ಒಂದರಂತೆ ಉಳಿದವೆಂದು ಲೆಕ್ಕ ಹಾಕಿ ಹೇಳಿದ ಕೊನೆಯ ಅಂಕಿ: 30. ಜೀವ ಹುಡುಕಲೆಂದೇ ಮಂಗಳಕ್ಕೆ ಹೋಗುವ ನೌಕೆಗೆ ಇಂದಿಗೂ ಅಳತೆಗೋಲು ಆ 30.

ಮೂರು ಲಕ್ಷ ಬೀಜಾಣುಗಳನ್ನು ಇಡೀ ಮಂಗಳಕ್ಕೆ ಸಮನಾಗಿ ಹರಡಿದರೆ ಸುಮಾರು 480 ಚದರ ಕಿಲೋಮೀಟರಿಗೊಂದು ಬೀಳುತ್ತದೆ. ಬೀಳಗಿಯಿಂದ ಬಾಗಲಕೋಟೆಗೆ ಹಕ್ಕಿ ಹಾರುವ ದೂರವನ್ನು ಒಂದು ಮಗ್ಗುಲಾಗಿ ಇಟ್ಟುಕೊಂಡು ಚೌಕ ಎಳೆಯಿರಿ, ಅದರೊಳಗೆ ಒಂದು. ಅಲ್ಲಿನ ಸರಾಸರಿ ಚಳಿ ಸೊನ್ನೆಯ ಕೆಳಗೆ 60 ಡಿಗ್ರಿ, ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಬಿಸಿಲಿಗೆ ನೇರ ಬಿದ್ದ ಬೀಜಾಣುಗಳು ನಿಮಿಷಗಳಲ್ಲಿ ಸಾಯುತ್ತವೆ. ಇಷ್ಟಕ್ಕೆ ಇಷ್ಟೊಂದು ಮಡಿ ಯಾಕೆ ಎಂದು ಕೇಳುವವರು ವಿಜ್ಞಾನಿಗಳಲ್ಲೂ ಇದ್ದಾರೆ.

ನಮ್ಮ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಕಾಂಗ್ರೆಸ್ ಕಸ ಇಲ್ಲದ ಬದು ಬೀಳಗಿ ತಾಲ್ಲೂಕಿನಲ್ಲಿದ್ದರೆ ತೋರಿಸಬೇಕು. ಅಮೆರಿಕ ಖಂಡದ ಈ ಗಿಡ ಹೊರಗಿನಿಂದ ಬಂದ ಧಾನ್ಯದ ಜೊತೆ ಸೇರಿಕೊಂಡು ಬಂತು ಎಂಬುದು ಎಲ್ಲರ ನಂಬಿಕೆ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಒಂದು ಗಿಡಕ್ಕೆ 15ರಿಂದ 25 ಸಾವಿರ ಬೀಜ. ಇಂದು ದೇಶದ ಸುಮಾರು 3.5 ಕೋಟಿ ಹೆಕ್ಟೇರಿನಲ್ಲಿ ಅದಿದೆ ಎಂದು ಅಂದಾಜು. ಮುಟ್ಟಿದರೆ ಮೈ ಕಡಿತ, ಕಿತ್ತವರಿಗೆ ದಮ್ಮು. ಅದನ್ನು ತಿನ್ನಿಸಲೆಂದು ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತಿನ್ನುತ್ತಲೇ ಇದೆ, ಕಸ ಬೆಳೆಯುತ್ತಲೇ ಇದೆ. ಮೊದಲ ಮೂಟೆಯಲ್ಲಿ ಎಷ್ಟು ಬೀಜ ಇತ್ತೋ ಯಾರೂ ಎಣಿಸಲಿಲ್ಲ.

ಬ್ಯಾಕ್ಟೀರಿಯಾಕ್ಕೆ ಬೀಜದ ಹಂಗೂ ಬೇಡ. ಹದ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಜಾತಿಗಳಿವೆ. ರಾತ್ರಿ ಹತ್ತಕ್ಕೆ ಒಂದು ಇದ್ದರೆ ಬೆಳಿಗ್ಗೆ ಆರಕ್ಕೆ 1 ಕೋಟಿ 67 ಲಕ್ಷ. ಪ್ರಶ್ನೆ ಇರುವುದು ಹದ ಸಿಗುವ ಜಾಗ ಮಂಗಳದಲ್ಲಿ ಇದೆಯೇ ಎಂಬುದರಲ್ಲಿ. ಕೋಸ್ಪಾರ್ ಅಂಥ ಜಾಗಗಳನ್ನು ‘ವಿಶೇಷ ಪ್ರದೇಶ’ ಎಂದು ಕರೆದು ಎರಡು ಅಂಕಿ ಹಾಕಿದೆ: ಉಷ್ಣತೆ ಸೊನ್ನೆಯ ಕೆಳಗಿನ 28 ಡಿಗ್ರಿಗಿಂತ ಮೇಲೆ, ಜಲಸಕ್ರಿಯತೆ 0.5ಕ್ಕಿಂತ ಮೇಲೆ. ಈ ಜಲಸಕ್ರಿಯತೆ ಎಂಬ ಭಾರದ ಪದವನ್ನು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಯಾರಾದರೂ ಅರ್ಥ ಮಾಡಿಸಿಯಾರು. ಒಣಗಿದ ಬೆಲ್ಲದ ಪೆಂಟಿಯಲ್ಲಿ ನೀರಿನಂಶ ಇರುತ್ತದೆ, ಆದರೆ ಸಕ್ಕರೆ ಅದನ್ನು ಬಿಗಿಹಿಡಿದಿರುತ್ತದೆ. ಬೂಸು ಕುಡಿಯಲು ಸಿಗುವುದಿಲ್ಲ. ಅದಕ್ಕೇ ಪೆಂಟಿ ಬೇಸಿಗೆಯೆಲ್ಲ ಕೆಡದೆ ಕೂರುತ್ತದೆ. ಮಳೆಗಾಲದ ತೇವ ಕುಡಿದು ಬೆಲ್ಲ ನೀರು ಬಿಟ್ಟಿತೋ, ವಾರದಲ್ಲಿ ಹುಳಿ ವಾಸನೆ. ಮಂಗಳದಲ್ಲಿ ನೀರಿದೆ, ಹೆಚ್ಚಿನದು ಹಿಮವಾಗಿ, ಉಪ್ಪಿನ ಬಿಗಿಯಲ್ಲಿ. ಬೆಲ್ಲ ನೀರು ಬಿಡುವ ಮೂಲೆ ಅಲ್ಲೂ ಇದ್ದೀತೇ ಎಂಬುದು ಇನ್ನೂ ಬಗೆಹರಿಯದ ತಕರಾರು. ಬಗೆಹರಿಯುವ ಮೊದಲೇ ನಮ್ಮ ಹೆಪ್ಪು ಅಲ್ಲಿ ಬಿದ್ದರೆ, ಆಮೇಲೆ ಸಿಕ್ಕ ಜೀವ ಮಂಗಳದ್ದೋ ನಮ್ಮದೋ ಎಂದು ಯಾವ ಸೂಕ್ಷ್ಮದರ್ಶಕದಲ್ಲಿ ನೋಡುವುದು?

ಕರ್ನಾಟಕಕ್ಕೂ ಈ ನಿಯಮಗಳಿಗೂ ನಂಟು ಹಳೆಯದು. ಜಾಗತಿಕ ಬಾಹ್ಯಾಕಾಶ ಒಪ್ಪಂದ 1967ರದು, ಅದರ 9ನೇ ವಿಧಿ ಆಕಾಶಕಾಯಗಳನ್ನು ಹಾನಿಕರವಾಗಿ ಮಲಿನಗೊಳಿಸಬೇಡಿ ಎನ್ನುತ್ತದೆ. ಭಾರತ ಆ ವರ್ಷವೇ ಸಹಿ ಹಾಕಿತು, 1982ರಲ್ಲಿ ಅನುಮೋದಿಸಿತು. ನಡುವೆ 1979ರಲ್ಲಿ ಕೋಸ್ಪಾರ್ ಸಭೆ ಬೆಂಗಳೂರಿಗೆ ಬಂತು. ಆ ಹೊತ್ತಿಗೆ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ 360 ಕೆ.ಜಿ.ಯ ಆರ್ಯಭಟ ಹಾರಿ ನಾಲ್ಕೇ ವರ್ಷ. ಅದನ್ನು ಕಟ್ಟಿಸಿದ ಉಡುಪಿಯ ಅದಮಾರಿನ ಯು.ಆರ್. ರಾವ್ ಮುಂದೆ 1997ರಿಂದ 2000ದವರೆಗೆ, ಆ ಒಪ್ಪಂದ ರೂಪುಗೊಂಡ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಗೇ ಅಧ್ಯಕ್ಷರಾದರು. 2012ರ ಜುಲೈ 14ರಿಂದ 22ರವರೆಗೆ ಕೋಸ್ಪಾರಿನ 39ನೇ ಸಮಾವೇಶ ಮೈಸೂರಿನಲ್ಲಿ. ಲೋಕದ ಬಾಹ್ಯಾಕಾಶ ವಿಜ್ಞಾನಿಗಳು ಅಲ್ಲಿ ಕೂತಿದ್ದಾಗ ಕ್ಯೂರಿಯಾಸಿಟಿ ರೋವರ್ ಬೀಜಾಣು ಲೆಕ್ಕ ಬರೆಸಿಕೊಂಡು ಮಂಗಳದ ದಾರಿಯಲ್ಲಿತ್ತು. ಸಮಾವೇಶ ಮುಗಿದ ಹದಿನೈದು ದಿನಕ್ಕೆ ಇಳಿಯಿತು. ಅದರ ಬೈರಿಗೆಯ ಮೊನೆಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ಕಳಿಸಬೇಕಿತ್ತು. ಹಾರುವ ಮೊದಲು ಪೆಟ್ಟಿಗೆ ತೆರೆದು, ಒಂದು ಮೊನೆಯನ್ನು ಬೈರಿಗೆಗೆ ಸಿಕ್ಕಿಸಿಬಿಟ್ಟಿದ್ದರು, ಮಡಿ ನೋಡಿಕೊಳ್ಳುವ ಅಧಿಕಾರಿಯನ್ನು ಕೇಳದೆ. ಪರಿಣಾಮ, ಹಿಮ ಇರಬಹುದಾದ ಜಾಗಕ್ಕೆ ಆ ರೋವರ್ ಹೋಗುವಂತಿಲ್ಲ ಎಂದು ದರ್ಜೆ ಬದಲಾಯಿತು. ಮುಸುರಿ ಕೈ!

ಮರುವರ್ಷ ನವೆಂಬರ್ 5ರಂದು ನಮ್ಮದೇ ಮಂಗಳಯಾನ ಹೊರಟಿತು. 65 ಕೋಟಿ ಕಿಲೋಮೀಟರಿಗೂ ಹೆಚ್ಚು ದಾರಿ, 450 ಕೋಟಿ ರೂಪಾಯಿ. ಕಿಲೋಮೀಟರಿಗೆ ಏಳು ರೂಪಾಯಿಯೂ ಬೀಳಲಿಲ್ಲ, ಆಟೋಕ್ಕಿಂತ ಅಗ್ಗ ಎಂದು ಜನ ನಗಾಡಿದ್ದು ನೆನಪಿರಬಹುದು. 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿ, ಹತ್ತಿರದಲ್ಲಿ 421 ಕಿ.ಮೀ., ದೂರದಲ್ಲಿ 77 ಸಾವಿರ ಕಿ.ಮೀ.ಯ ಉದ್ದನೆಯ ಮೊಟ್ಟೆಯಾಕಾರದಲ್ಲಿ ಸುತ್ತತೊಡಗಿತು. ಆರು ತಿಂಗಳಿಗೆಂದು ಕಳಿಸಿದ್ದು ಎಂಟು ವರ್ಷ ಬಾಳಿತು, 2022ರಲ್ಲಿ ದನಿ ನಿಂತಿತು. ಸುತ್ತುವುದು ಮಾತ್ರ ನಿಂತಿಲ್ಲ. ಸುತ್ತುನೌಕೆಗಳಿಗೆ ಕೋಸ್ಪಾರ್ ಬೀಜಾಣು ಎಣಿಸಲು ಹೇಳುವುದಿಲ್ಲ, ಬೇರೆ ಲೆಕ್ಕ ಕೇಳುತ್ತದೆ: ಹಾರಿದಂದಿನಿಂದ 20 ವರ್ಷದೊಳಗೆ ಗ್ರಹಕ್ಕೆ ಬೀಳುವ ಸಂಭವ ನೂರಕ್ಕೆ 1 ಮೀರಬಾರದು, 50 ವರ್ಷದೊಳಗೆ ನೂರಕ್ಕೆ 5. ಅದು ಆಗದಿದ್ದರೆ ಒಳಗೂ ಹೊರಗೂ ಸೇರಿ ಒಟ್ಟು 5 ಲಕ್ಷ ಬೀಜಾಣುವಿನ ಮಿತಿ. ಮಂಗಳಯಾನಕ್ಕೆ 20 ತುಂಬುವುದು 2033ಕ್ಕೆ, 50 ತುಂಬುವುದು 2063ಕ್ಕೆ. ಅಷ್ಟು ದೂರದ ಭವಿಷ್ಯಕ್ಕೆ ಜಾಮೀನು ಕೇಳುವ ಬೇರೆ ಕಾಯಿದೆ ನನಗೆ ತಿಳಿದಿಲ್ಲ.

ಚಂದ್ರನ ವಿಷಯದಲ್ಲಿ ಕೋಸ್ಪಾರ್ ಉದಾರಿ. ನೀರಿಲ್ಲದ ಕಡೆ ನಮ್ಮ ಜೀವಿಗಳು ಬೆಳೆಯಲಾರವು, ಆದ್ದರಿಂದ ಅಲ್ಲಿಗೆ ಮಡಿ ಬೇಡ, ಕಾಗದ ಪತ್ರ ಸಾಕು: ಏನು ಒಯ್ದಿರಿ, ಎಲ್ಲಿ ಬಿಟ್ಟಿರಿ. ಧ್ರುವಗಳ ಕತ್ತಲ ಕುಳಿಗಳಲ್ಲಿ ಹಿಮವಿದೆ ಎಂಬ ಸುದ್ದಿ ಗಟ್ಟಿಯಾದಷ್ಟೂ ಕಾಗದಗಳು ಹೆಚ್ಚಿದವು. 2021ರ ನಿಯಮ ದಕ್ಷಿಣಕ್ಕೆ 79 ಡಿಗ್ರಿ, ಉತ್ತರಕ್ಕೆ 86 ಡಿಗ್ರಿಯ ಆಚೆ ಬೇರೆ ದರ್ಜೆ ಎಂದು ಗೆರೆ ಎಳೆಯಿತು. 2023ರ ಆಗಸ್ಟ್ 23ರಂದು ನಮ್ಮ ವಿಕ್ರಮ್ ಲ್ಯಾಂಡರ್ ಇಳಿದದ್ದು 69 ಡಿಗ್ರಿ ದಕ್ಷಿಣದಲ್ಲಿ, ಗೆರೆಯಿಂದ 300 ಕಿಲೋಮೀಟರಿನಷ್ಟು ಈಚೆ. ಚಂದ್ರಯಾನ-1ರಿಂದ 2008ರ ನವೆಂಬರ್ 14ರಂದು ಬಿಟ್ಟ ಅಪ್ಪಳಿಕೆ ಪೆಟ್ಟಿಗೆ ಬಿದ್ದದ್ದು ಧ್ರುವದ ಪಕ್ಕದಲ್ಲೇ, ಶ್ಯಾಕಲ್ಟನ್ ಕುಳಿಯ ಬಳಿ. ಆಗ ಈ ಗೆರೆ ಇರಲಿಲ್ಲ.

ಕಾಗದ ಪತ್ರದ ಉದಾರತೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ. 2019ರ ಏಪ್ರಿಲ್‌ನಲ್ಲಿ ಚಂದ್ರನಿಗೆ ಬಡಿದು ಚೂರಾದ ಇಸ್ರೇಲಿನ ಬೆರೆಶೀಟ್ ನೌಕೆಯಲ್ಲಿ ಕೆಲವು ಸಾವಿರ ಜಲಕರಡಿಗಳನ್ನು ಒಣಗಿಸಿ ತುಂಬಿದ್ದರು ಎಂಬುದು ಬಿದ್ದ ಮೇಲೆ ಬೆಳಕಿಗೆ ಬಂತು. ಅರ್ಧ ಮಿಲಿಮೀಟರಿನ, ಎಂಟು ಕಾಲಿನ, ಸಾವಿಗೆ ಸವಾಲು ಹಾಕುವ ಪ್ರಾಣಿ ಇದು. ಅದರ ಒಂದು ಬಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಗೋಡೆಯ ಪಾಚಿಯಲ್ಲೇ ಸಿಕ್ಕಿತು. ಹೆಸರಿನ ಕೊನೆಗೆ ಬಿಎಲ್‌ಆರ್ ಎಂದು ಊರಿನ ಗುರುತನ್ನೂ ಹಚ್ಚಿಕೊಂಡಿದೆ. 2020ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ, ಬೇರೊಂದು ಜಾತಿಯ ಜಲಕರಡಿಗಳನ್ನು 15 ನಿಮಿಷದಲ್ಲಿ ಸಾವಿನ ದಾರಿಗೆ ಹಚ್ಚಿದ ನೇರಳಾತೀತ ಬೆಳಕಿನಲ್ಲಿ ಇವನ್ನು ಒಂದು ತಾಸು ಇಟ್ಟರು. ಸುಮಾರು ನೂರಕ್ಕೆ 60 ತಿಂಗಳ ಮೇಲೂ ಬದುಕಿದ್ದವು. ಕೊಲ್ಲುವ ಕಿರಣವನ್ನು ಮೈ ಹೀರಿಕೊಂಡು ನೀಲಿ ಬೆಳಕಾಗಿ ಬಿಟ್ಟುಬಿಡುತ್ತದೆ.

ಮಡಿ ಹೆಚ್ಚಾದಷ್ಟೂ ಉಳಿಯುವವು ಇಂಥವೇ. 2013ರಲ್ಲಿ ಟೆರ್ಸಿಕಾಕಸ್ ಫೀನಿಸಿಸ್ ಎಂಬ ಹೊಸ ಬ್ಯಾಕ್ಟೀರಿಯಾಕ್ಕೆ ಹೆಸರಿಟ್ಟರು. ಅದು ಆವರೆಗೆ ಲೋಕದಲ್ಲಿ ಸಿಕ್ಕಿದ್ದು ಎರಡೇ ಕಡೆ: ಫ್ಲೋರಿಡಾದ ಒಂದು ಕ್ಲೀನ್ ರೂಮು, 4000 ಕಿ.ಮೀ. ಆಚೆ ದಕ್ಷಿಣ ಅಮೆರಿಕದ ಕೂರೂವಿನ ಇನ್ನೊಂದು ಕ್ಲೀನ್ ರೂಮು. ಹೊಲದಲ್ಲಿ, ಕೆರೆಯಲ್ಲಿ ಕಾಣದ್ದು ದಿನಾ ಒರೆಸುವ ನೆಲದಲ್ಲಿ ಸಂಸಾರ ಹೂಡಿತ್ತು. ಒರೆಸಿ ಒರೆಸಿ ಪ್ರತಿಸ್ಪರ್ಧಿಗಳನ್ನೆಲ್ಲ ನಾವೇ ತೆಗೆದುಕೊಟ್ಟಿದ್ದೆವು.

ದೂರದ ಲೋಕಗಳಲ್ಲಿ ಅನುಮಾನವಿದ್ದ ಕಡೆ ಸುಟ್ಟುಬಿಡುವುದೇ ಸರಿ ಎಂದಾಯಿತು. ಗುರುವಿನ ಚಂದ್ರ ಯುರೋಪಾದ ಹಿಮದಡಿ ಸಮುದ್ರವಿದೆ. ಅದರೊಳಗೆ ಒಂದು ಜೀವಿ ಸೇರುವ ಸಂಭವಕ್ಕೂ ಮಿತಿ 10 ಸಾವಿರಕ್ಕೆ 1. ಇಂಧನ ಮುಗಿಯುತ್ತ ಬಂದ ಗೆಲಿಲಿಯೋ ನೌಕೆ ಎಂದಾದರೂ ಅದಕ್ಕೆ ಬಿದ್ದೀತೆಂದು 2003ರ ಸೆಪ್ಟೆಂಬರ್ 21ರಂದು ಸೆಕೆಂಡಿಗೆ 48 ಕಿ.ಮೀ. ವೇಗದಲ್ಲಿ ಗುರುವಿನೊಳಕ್ಕೇ ಇಳಿಸಿ ಬೂದಿ ಮಾಡಿದರು. 2017ರಲ್ಲಿ ಕ್ಯಾಸಿನಿಗೆ ಶನಿಯೊಳಗೆ ಅದೇ ಗತಿ.

ಇದು ಒಯ್ಯುವ ಲೆಕ್ಕ. ತರುವ ಲೆಕ್ಕ ಇನ್ನೂ ಬಿಗಿ. 1969ರಲ್ಲಿ ಅಪೊಲೊ 11ರ ಮೂವರನ್ನು ಚಂದ್ರನಿಂದ ಹೊರಟ ದಿನದಿಂದ 21 ದಿನ ಕೂಡಿಹಾಕಿದರು. 2020ರ ಮಾರ್ಚಿನಲ್ಲಿ ನಮ್ಮನ್ನೂ ಮೊದಲು ಕೂಡಿಹಾಕಿದ್ದು 21 ದಿನ, ಕಾಕತಾಳೀಯವೇ ಇರಲಿ. ಅವರು ತಂದ ಚಂದ್ರನ ದೂಳನ್ನು ಇಲಿ, ಜಿರಲೆ, ಸಿಗಡಿ, ಮೀನುಗಳಿಗೆ ಸೋಕಿಸಿ ನೋಡಿದರು, ಯಾವುದಕ್ಕೂ ಕಾಯಿಲೆ ಬರಲಿಲ್ಲ. ಆದರೆ ನೌಕೆಯ ಬಾಗಿಲನ್ನು ಮೊದಲು ತೆರೆದದ್ದು ಪೆಸಿಫಿಕ್ ಸಾಗರದ ನಟ್ಟನಡುವೆ. ಒಳಗಿನ ಗಾಳಿ ಆಗಲೇ ಲೋಕ ಸೇರಿತ್ತು, ಕೋಣೆಯ ಬೀಗ ಹಾಕಿದ್ದು ಆಮೇಲೆ. ಮುಂದೆ ಮಂಗಳದ ಮಣ್ಣು ತರುವಾಗ ಅದರ ಒಂದು ಕಣ ಹೊರಗೆ ತಪ್ಪಿಸಿಕೊಳ್ಳುವ ಸಂಭವ 10 ಲಕ್ಷಕ್ಕೆ 1ರ ಒಳಗಿರಬೇಕು ಎಂಬುದು ಯೋಜನೆಗಳಲ್ಲಿರುವ ಗುರಿ. ನಾಣ್ಯದ ಭಾಷೆಯಲ್ಲಿ, ಇಪ್ಪತ್ತು ಸಲ ಸತತ ತಲೆ.

ಇನ್ನುಳಿದದ್ದು ಮನುಷ್ಯನೇ ಹೋಗುವ ಲೆಕ್ಕ. 2025ರ ಜೂನ್-ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಕೊಟ್ಟ ಮೆಂತ್ಯ, ಹೆಸರುಕಾಳನ್ನು ಅಲ್ಲಿ ಮೊಳಕೆ ಬರಿಸಿದರು. ಬೀಳಗಿಯ ರೈತರು ಜೋಳದ ಬೀಜಕ್ಕೆ, ಸಲಹೆಗೆ ನೋಡುವುದು ಅದೇ ಧಾರವಾಡದ ಕಡೆ. ಮರಳಿ ಬಂದ ಮೇಲೆ ತಲೆಮಾರಿನ ಮೇಲೆ ತಲೆಮಾರು ಬೆಳೆದು ನೋಡುವ ಯೋಜನೆಯಲ್ಲಿ ಪೌಷ್ಟಿಕಾಂಶ, ತಳಿಗುಣಗಳ ಜೊತೆ ಸೂಕ್ಷ್ಮಜೀವಿಗಳ ಲೆಕ್ಕವೂ ಸೇರಿದೆ. ಮೊಳಕೆ ತಿನ್ನಲು ಅಲ್ಲಿ ಮನುಷ್ಯ ಇರುತ್ತಾನೆ, ಮನುಷ್ಯ ಹೋದ ಕಡೆ ಅವನ 38 ಲಕ್ಷ ಕೋಟಿಯೂ ಹೋಗುತ್ತವೆ. ಒಬ್ಬನ ಮೈಯಲ್ಲಿರುವುದು, ಜಾತಿ ಭೇದ ಬಿಟ್ಟು ಬರೀ ತಲೆ ಎಣಿಸಿದರೆ, 12 ಕೋಟಿ 66 ಲಕ್ಷ ಮಂಗಳನೌಕೆಗಳ ಪಾಲು. ಅವನನ್ನು 110 ಡಿಗ್ರಿಯಲ್ಲಿ ಕಾಸುವಂತಿಲ್ಲ. ಉಡುಪಿನ ಕೀಲುಗಳು ಸೋರುತ್ತವೆ, ಬಾಗಿಲು ತೆರೆದಾಗಲೆಲ್ಲ ಒಳಗಿನ ಗಾಳಿ ಹೊರಗೆ. ಎಲ್ಲವನ್ನೂ ಮುಚ್ಚಿದ ವ್ಯವಸ್ಥೆಯಲ್ಲಿ ನಡೆಸಲು ಸಾಧ್ಯವಿಲ್ಲ ಎಂದು ಕೋಸ್ಪಾರ್ ತನ್ನ ನೀತಿಯಲ್ಲೇ ಒಪ್ಪಿಕೊಂಡಿದೆ. ಲ್ಯಾಂಡರಿನ ಎದುರು 3 ಲಕ್ಷ ಎಂದು ಬರೆದಿದೆ, ಜೀವ ಹುಡುಕುವ ನೌಕೆಯ ಎದುರು 30, ಯುರೋಪಾದ ಎದುರು 10 ಸಾವಿರಕ್ಕೆ 1. ಮನುಷ್ಯನ ಎದುರಿನ ಜಾಗದಲ್ಲಿ ಒಂದಿಷ್ಟು ತತ್ವಗಳಿವೆ, ಅಂಕಿ ಇನ್ನೂ ಇಲ್ಲ.